ಹದಿಹರೆಯದ ಮಕ್ಕಳಿಗೆ ಧನುರ್ವಾಯು ಲಸಿಕೆ: ಗಾಯವಾಗುವ ಮೊದಲೇ ಕಾರ್ಡು ತೆಗೆದು ನೋಡಿ

ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಮೊಳೆ ತುಳಿದು ಬಂದ ಸಂಜೆ ಬಹಳಷ್ಟು ಮನೆಗಳಲ್ಲಿ ನಡೆಯುವ ಮಾತುಕತೆ ಒಂದೇ ಬಗೆಯದು. ‘ಟಿ.ಟಿ. ಹಾಕಿಸಿದ್ದೆವಲ್ಲ, ಯಾವಾಗ ಅದು?’ ಎಂದು ಒಬ್ಬರು ಕೇಳುತ್ತಾರೆ. ‘ಸೈಕಲ್ಲಿನಿಂದ ಬಿದ್ದಾಗ ಹಾಕಿಸಿದ ಹಾಗಿತ್ತು’ ಎಂದು ಇನ್ನೊಬ್ಬರು ನೆನಪಿಸಿಕೊಳ್ಳುತ್ತಾರೆ. ‘ಅದರ ಶಕ್ತಿ ಆರು ತಿಂಗಳಷ್ಟೇ ಇರೋದು’ ಎಂದು ಪಕ್ಕದ ಮನೆಯವರು ತೀರ್ಪು ಕೊಡುತ್ತಾರೆ. ಯಾರಿಗೂ ಖಚಿತವಾಗಿ ತಿಳಿಯದೆ ಇರುವುದರಿಂದ ಒಮ್ಮೆ ಬೇಡದ ಚುಚ್ಚುಮದ್ದು ಬೀಳುತ್ತದೆ, ಮತ್ತೊಮ್ಮೆ ಬೇಕೇಬೇಕಾಗಿದ್ದ ಚುಚ್ಚುಮದ್ದು ತಪ್ಪಿಹೋಗುತ್ತದೆ.

ಹದಿಹರೆಯದ ಮಕ್ಕಳು ಧನುರ್ವಾಯು ಲಸಿಕೆ ಹಾಕಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ ನೇರವಾಗಿದೆ: ಹಾಕಿಸಿಕೊಳ್ಳಬೇಕು, ಅದೂ ಗಾಯಕ್ಕಾಗಿ ಕಾಯದೆ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 10ನೆಯ ವರ್ಷಕ್ಕೆ ಒಂದು ಮತ್ತು 16ನೆಯ ವರ್ಷಕ್ಕೆ ಒಂದು ಡೋಸ್ ನಿಗದಿಯಾಗಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಶಿಶುವಿನ ಲಸಿಕೆಗಳನ್ನು ದಿನ ಎಣಿಸಿ ಹಾಕಿಸುವ ತಾಯಿತಂದೆಯರೂ ಈ ಎರಡನ್ನು ಮರೆಯುತ್ತಾರೆ. ನಮ್ಮ ಮನೆಯಲ್ಲೂ ಮರೆತಿದ್ದೆವು.

ನನ್ನ ಅಕ್ಕನ ಮಗನಿಗೆ ಆಗ ಹದಿನಾಲ್ಕು ವರ್ಷ. ಕೊಟ್ಟಿಗೆಯಿಂದ ಸಗಣಿ ಹೊತ್ತು ತಿಪ್ಪೆಗೆ ಹಾಕುವಾಗ ಅಲ್ಲಿ ಬಿದ್ದಿದ್ದ ಹಳೆಯ ಹಲಗೆಯ ಮೊಳೆ ಹವಾಯಿ ಚಪ್ಪಲಿಯನ್ನು ತೂರಿಕೊಂಡು ಅಂಗಾಲಿಗೆ ಹೊಕ್ಕಿತು. ಹೊರಗೆ ಬಂದದ್ದು ಒಂದೇ ಒಂದು ಹನಿ ರಕ್ತ. ಬೆಳಗಾಗುವಷ್ಟರಲ್ಲಿ ತೂತು ಮುಚ್ಚಿಕೊಂಡು ಸಾಸಿವೆಯಷ್ಟು ಕಪ್ಪು ಚುಕ್ಕೆ ಮಾತ್ರ ಉಳಿದಿತ್ತು. ನೋಡಿದವರೆಲ್ಲ ‘ಏನೂ ಆಗಿಲ್ಲ ಬಿಡು’ ಎಂದರು. ಧನುರ್ವಾಯುವಿನ ಮಟ್ಟಿಗೆ ಅಂಥ ಗಾಯವೇ ಹೆಚ್ಚು ಅಪಾಯದ್ದು. ಯಾಕೆಂದು ತಿಳಿದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಕಾಯಿಲೆ ಬರುವ ಬಗೆ

ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ, ರಸ್ತೆಯ ಧೂಳಿನಲ್ಲಿ ಬೀಜಾಣುಗಳ ರೂಪದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬಿಸಿಲಿಗೂ ಸಾಮಾನ್ಯ ಕ್ರಿಮಿನಾಶಕಗಳಿಗೂ ಅದು ಸುಲಭವಾಗಿ ಸಾಯುವುದಿಲ್ಲ. ಗಾಳಿಯಾಡುವ ತೆರೆದ ಗಾಯದಲ್ಲಿ ಅದಕ್ಕೆ ಬೆಳೆಯಲು ಆಗದು. ಆಳಕ್ಕೆ ಚುಚ್ಚಿ, ಮೇಲೆ ಮುಚ್ಚಿಕೊಂಡು, ಒಳಗೆ ಆಮ್ಲಜನಕ ಇಲ್ಲದಂತಾದ ಗಾಯದಲ್ಲಿ ಅದು ಎಚ್ಚೆತ್ತು ವಿಷವನ್ನು ಉತ್ಪಾದಿಸುತ್ತದೆ. ಕಬ್ಬಿಣದ ತುಕ್ಕಿನಿಂದ ಕಾಯಿಲೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ತುಕ್ಕು ಹಿಡಿದ ಮೊಳೆ ಅಪಾಯಕಾರಿಯಾಗುವುದು ಅದು ಮಣ್ಣಿನಲ್ಲಿ ಬಿದ್ದಿದ್ದು ಆಳಕ್ಕೆ ಚುಚ್ಚುವುದರಿಂದ. ಜಾಲಿಮುಳ್ಳು, ಬಿದಿರಿನ ಸಿಬಿರು, ಹೊಲದ ಕೂಳೆ ಇವೂ ಅಷ್ಟೇ ಅಪಾಯದವು.

ಆ ವಿಷ ನರಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳನ್ನು ಸಡಿಲಗೊಳಿಸುವ ಸಂಕೇತಗಳನ್ನು ತಡೆಯುತ್ತದೆ. ಹೀಗಾಗಿ ಬಿಗಿದ ಸ್ನಾಯು ಬಿಗಿದೇ ಇರುತ್ತದೆ. ಮೊದಲು ದವಡೆ ಕಚ್ಚಿಕೊಂಡು ಬಾಯಿ ತೆರೆಯಲಾಗುವುದಿಲ್ಲ. ಆಮೇಲೆ ಕುತ್ತಿಗೆ, ಬೆನ್ನು, ಹೊಟ್ಟೆ ಬಿಗಿಯುತ್ತವೆ. ಬಾಗಿಲು ಬಡಿದ ಸದ್ದಿಗೂ ದೀಪ ಹಾಕಿದ ಬೆಳಕಿಗೂ ಮೈಯೆಲ್ಲ ಸೆಟೆದು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಧನುಸ್ಸಿನಂತೆ ಬಾಗಿಸುವ ರೋಗಕ್ಕೆ ಹಿರಿಯರು ಇಟ್ಟ ಹೆಸರು ಅದರ ಲಕ್ಷಣವನ್ನೇ ಹೇಳುತ್ತದೆ. ಇಷ್ಟೆಲ್ಲ ಆಗುವಾಗಲೂ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ ಎಂಬುದು ಈ ಕಾಯಿಲೆಯ ಅತ್ಯಂತ ಕ್ರೂರವಾದ ಸಂಗತಿ. ನರಕ್ಕೆ ಒಮ್ಮೆ ಅಂಟಿಕೊಂಡ ವಿಷವನ್ನು ಬಿಡಿಸುವ ಔಷಧವಿಲ್ಲ. ಅದರ ಪರಿಣಾಮ ತಾನಾಗಿ ಇಳಿಯುವವರೆಗೆ ವಾರಗಟ್ಟಲೆ, ಎಷ್ಟೋ ಸಲ ವೆಂಟಿಲೇಟರ್ ನೆರವಿನಲ್ಲಿ, ತೀವ್ರ ನಿಗಾ ಘಟಕದಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ.

ಇನ್ನೂ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಊರಿನ ಉಳಿದ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡರೂ ಅದು ನಿಮ್ಮ ಮಗುವಿಗೆ ರಕ್ಷಣೆಯಾಗುವುದಿಲ್ಲ. ಒಮ್ಮೆ ಕಾಯಿಲೆ ಬಂದು ಗುಣವಾದವರಿಗೂ ರೋಗನಿರೋಧಕ ಶಕ್ತಿ ಹುಟ್ಟುವುದಿಲ್ಲ, ಯಾಕೆಂದರೆ ಕಾಯಿಲೆ ತರುವ ವಿಷದ ಪ್ರಮಾಣ ಅಷ್ಟು ಅತ್ಯಲ್ಪ. ಅವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಮೊದಲ ಹೆಜ್ಜೆ: ಕಾರ್ಡು ಹುಡುಕಿ, ಡೋಸ್ ಎಣಿಸಿ

ಮಗು ಹುಟ್ಟಿದಾಗ ಕೊಟ್ಟ ತಾಯಿ ಕಾರ್ಡು, ಖಾಸಗಿ ಆಸ್ಪತ್ರೆಯ ಲಸಿಕೆ ಪುಸ್ತಕ, ಇವೆರಡರಲ್ಲಿ ಯಾವುದಿದ್ದರೂ ತೆಗೆಯಿರಿ. ನಮ್ಮ ಅಕ್ಕನ ಮನೆಯಲ್ಲಿ ಅದು ಟ್ರಂಕಿನ ತಳದಲ್ಲಿ, ಹಳೆಯ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಮೊದಲ ಸಾಲುಗಳಲ್ಲಿ ನೀಲಿ ಶಾಯಿಯಲ್ಲಿ ಬರೆದ ದಿನಾಂಕಗಳು, ಸಿಸ್ಟರ್ ಹಾಕಿದ ಪುಟ್ಟ ಸಹಿಗಳು. ಐದು ವರ್ಷದ ಸಾಲಿನವರೆಗೆ ಎಲ್ಲ ತುಂಬಿತ್ತು, ಆಮೇಲಿನ ಎರಡು ಚೌಕಗಳು ಖಾಲಿ. ಐದನೆಯ ತರಗತಿಯಲ್ಲಿದ್ದಾಗ ಶಾಲೆಗೆ ಬಂದು ಲಸಿಕೆ ಹಾಕಿದ ದಿನ ಹುಡುಗ ಊರ ಜಾತ್ರೆಗೆಂದು ರಜೆ ಹಾಕಿದ್ದ. ತಪ್ಪಿಸಿಕೊಂಡವರ ಪಟ್ಟಿ ಮಾಡಿ ಮತ್ತೆ ಕರೆದವರು ಯಾರೂ ಇರಲಿಲ್ಲ, ಮನೆಯವರಾದ ನಾವೂ ಕೇಳಲಿಲ್ಲ.

ಕಾರ್ಡಿನಲ್ಲಿ ‘ಧನುರ್ವಾಯು’ ಎಂಬ ಪದ ಕಾಣದೆ ಇರಬಹುದು, ಆದ್ದರಿಂದ ಯಾವ ಹೆಸರುಗಳನ್ನು ಎಣಿಸಬೇಕೆಂದು ತಿಳಿದಿರಲಿ. ಪೆಂಟಾ, ಡಿಪಿಟಿ, ಖಾಸಗಿ ಆಸ್ಪತ್ರೆಗಳ ಹೆಕ್ಸಾವೇಲೆಂಟ್, ಟಿಟಿ, ಟಿಡಿ, ಟಿಡ್ಯಾಪ್: ಈ ಎಲ್ಲದರಲ್ಲೂ ಧನುರ್ವಾಯು ಲಸಿಕೆಯ ಅಂಶವಿದೆ. ಬಿಸಿಜಿ, ಪೋಲಿಯೊ, ದಡಾರ-ರುಬೆಲ್ಲಾ ಲಸಿಕೆಗಳಲ್ಲಿ ಇಲ್ಲ. ನಾಯಿ ಕಚ್ಚಿದಾಗ ಕೊಡುವ ರೇಬಿಸ್ ಚುಚ್ಚುಮದ್ದು ಬೇರೆ, ಇದು ಬೇರೆ. ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ವೇಳಾಪಟ್ಟಿಯಂತೆ 6, 10 ಮತ್ತು 14ನೆಯ ವಾರಗಳಲ್ಲಿ ಮೂರು ಡೋಸ್, 16ರಿಂದ 24 ತಿಂಗಳ ನಡುವೆ ಮೊದಲ ಬೂಸ್ಟರ್, 5ರಿಂದ 6 ವರ್ಷದೊಳಗೆ ಎರಡನೆಯ ಬೂಸ್ಟರ್, ಒಟ್ಟು ಐದಾಗುತ್ತವೆ. ಇದರ ಮೇಲೆ 10 ಮತ್ತು 16ನೆಯ ವರ್ಷದ ಎರಡು. ಈ ಏಳರಲ್ಲಿ ಎಷ್ಟು ಆಗಿವೆ, ಕೊನೆಯದು ಯಾವ ದಿನ ಆಯಿತು, ಇವೆರಡನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಎರಡು ಉತ್ತರಗಳ ಮೇಲೆ ನಿಂತಿವೆ.

ಕಾರ್ಡು ಕಳೆದುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಸಿಸ್ಟರನ್ನೋ ಕೇಳಿ, ಅವರ ಹಳೆಯ ರಿಜಿಸ್ಟರಿನಲ್ಲಿ ದಾಖಲೆ ಸಿಗಬಹುದು. ದಾಖಲೆ ಎಲ್ಲೂ ಸಿಗದಿದ್ದರೆ ‘ಹಾಕಿಸಿರಬೇಕು’ ಎಂಬ ನೆನಪನ್ನು ನಂಬದೆ, ಹಾಕಿಸಿಲ್ಲವೆಂದೇ ಭಾವಿಸಿ ವೈದ್ಯರೊಡನೆ ಮಾತನಾಡುವುದು ಕ್ಷೇಮ.

ಎರಡನೆಯ ಹೆಜ್ಜೆ: ನಿಮ್ಮ ಮಗುವಿಗೆ ಈಗ ಏನು ಬಾಕಿ ಎಂದು ತೀರ್ಮಾನಿಸಿ

ಬಾಲ್ಯದ ಐದು ಡೋಸ್ ಆಗಿ 10ರದು ಮಾತ್ರ ತಪ್ಪಿದ್ದರೆ, ಮಗು ಈಗ ಹನ್ನೊಂದರಲ್ಲಿರಲಿ ಹದಿಮೂರರಲ್ಲಿರಲಿ, ಒಂದು ಡೋಸ್ ಈಗಲೇ ಹಾಕಿಸಿ, ಆಮೇಲೆ 16ರದನ್ನು ಅದರ ಕಾಲಕ್ಕೆ ಹಾಕಿಸಬೇಕು. ಹದಿನಾರು ತುಂಬಿದ ಮೇಲೆ ಈ ವಿಷಯ ಗಮನಕ್ಕೆ ಬಂದಿದ್ದರೆ ಒಂದು ಡೋಸ್ ತಡಮಾಡದೆ ಹಾಕಿಸಿ. ಎಷ್ಟೇ ವರ್ಷ ತಡವಾದರೂ ಮೊದಲಿನ ಡೋಸ್‌ಗಳು ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಚಿಕ್ಕಂದಿನಲ್ಲಿ ಒಂದೂ ಡೋಸ್ ಆಗದ ಮಕ್ಕಳೂ ಇದ್ದಾರೆ. ಕಬ್ಬು ಕಡಿಯುವ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಊರಿಂದೂರಿಗೆ ಹೋಗುವ ಕುಟುಂಬಗಳಲ್ಲಿ ಇದು ಮಕ್ಕಳ ತಪ್ಪಿನಿಂದಲೂ ಅಲ್ಲ, ಹೆತ್ತವರ ಅಸಡ್ಡೆಯಿಂದಲೂ ಅಲ್ಲ. ಅಂಥ ಮಗುವಿಗೆ ಒಂದು ಡೋಸ್ ಸಾಲದು: ಮೊದಲನೆಯದು ಈಗ, ಎರಡನೆಯದು ಕನಿಷ್ಠ ನಾಲ್ಕು ವಾರ ಬಿಟ್ಟು, ಮೂರನೆಯದು ಅದಾಗಿ ಕನಿಷ್ಠ ಆರು ತಿಂಗಳ ಮೇಲೆ, ಆಮೇಲೆ ಬೂಸ್ಟರ್‌ಗಳು. ನಿಮ್ಮ ಮನೆಯಲ್ಲೋ ತೋಟದಲ್ಲೋ ಅಂಥ ಕುಟುಂಬ ಕೆಲಸಕ್ಕಿದ್ದರೆ ಅವರ ಮಕ್ಕಳನ್ನೂ ಲಸಿಕೆಯ ದಿನ ಜೊತೆಗೆ ಕರೆದೊಯ್ಯಿರಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮೂರನೆಯ ಹೆಜ್ಜೆ: ಯಾವ ಲಸಿಕೆ, ಎಲ್ಲಿ

ನಾವೆಲ್ಲ ಬಾಯಿ ತುಂಬ ‘ಟಿ.ಟಿ.’ ಎನ್ನುತ್ತೇವೆ, ಆದರೆ ಸರ್ಕಾರಿ ಕಾರ್ಯಕ್ರಮದಲ್ಲಿ 2019ರಿಂದ ಟಿಟಿಯ ಜಾಗಕ್ಕೆ ಟಿಡಿ ಬಂದಿದೆ. ಇದರಲ್ಲಿ ಧನುರ್ವಾಯುವಿನ ಜೊತೆಗೆ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ವಿರುದ್ಧದ ರಕ್ಷಣೆಯೂ ಇದೆ. ಗಂಟಲುಮಾರಿ ಹಳೆಯ ಕಾಲದ ಕಾಯಿಲೆ ಎಂದುಕೊಂಡವರು ಗಮನಿಸಬೇಕು: 2018ರಲ್ಲಿ ಭಾರತದಲ್ಲಿ 8,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೂ ಅದಕ್ಕೆ ತುತ್ತಾಗುತ್ತಿದ್ದಾರೆ. ಶಿಶುವಿಗಿದ್ದ ರಕ್ಷಣೆ ಬೆಳೆಯುತ್ತ ಬೆಳೆಯುತ್ತ ಕುಗ್ಗುವುದರಿಂದ ಹದಿಹರೆಯದಲ್ಲಿ ಎರಡನ್ನೂ ಒಟ್ಟಿಗೆ ಬಲಪಡಿಸುವುದು ಜಾಣತನ. ಹೆಸರಿನ ಕೊನೆಯ ‘ಡಿ’ಯನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ, ಅದರಲ್ಲಿ ಗಂಟಲುಮಾರಿಯ ಅಂಶ ಕಡಿಮೆ ಪ್ರಮಾಣದಲ್ಲಿದೆ ಎಂಬುದರ ಗುರುತು ಅದು. ಏಳು ವರ್ಷ ದಾಟಿದ ಮಕ್ಕಳಿಗೆ ಶಿಶುಗಳ ಡಿಪಿಟಿಯನ್ನು ಕೊಡದಿರುವುದೂ ಈ ಕಾರಣಕ್ಕೇ.

ಖಾಸಗಿ ಮಕ್ಕಳ ವೈದ್ಯರು 10ರಿಂದ 12ರ ವಯಸ್ಸಿನಲ್ಲಿ ಟಿಡ್ಯಾಪ್ ಹಾಕಿಸಲು ಹೇಳಬಹುದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಶಿಫಾರಸೂ ಹಾಗಿದೆ. ಅದರಲ್ಲಿ ನಾಯಿಕೆಮ್ಮಿನ ವಿರುದ್ಧದ ಅಂಶವೂ ಸೇರಿದೆ, ಬೆಲೆ ಸಾವಿರ ರೂಪಾಯಿಗೂ ಮೇಲಾಗುತ್ತದೆ. ಅನುಕೂಲವಿದ್ದವರು ಅದನ್ನು ಹಾಕಿಸಬಹುದು. ಆದರೆ ಅಷ್ಟು ಹಣ ಹೊಂದಿಸಲು ಕಾಯುತ್ತ ಕೂರುವುದಕ್ಕಿಂತ ಆರೋಗ್ಯ ಕೇಂದ್ರದ ಟಿಡಿಯನ್ನು ಈ ವಾರವೇ ಹಾಕಿಸುವುದು ಎಷ್ಟೋ ಮೇಲು. ಧನುರ್ವಾಯುವಿನ ಮಟ್ಟಿಗೆ ಎರಡೂ ಒಂದೇ.

ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ನಗರಗಳಲ್ಲಿ ನಗರ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಇವೆಲ್ಲ ಕಡೆ ಲಸಿಕೆ ಸಿಗುತ್ತದೆ. ಕರ್ನಾಟಕದ ಬಹಳ ಕಡೆ ಗುರುವಾರ ಲಸಿಕೆಯ ದಿನ. ನಿಮ್ಮ ಕೇಂದ್ರದ ದಿನವನ್ನು ಆಶಾ ಅವರಲ್ಲಿ ಕೇಳಿಕೊಂಡು ಹೋದರೆ ಸುಮ್ಮನೆ ತಿರುಗಾಡುವುದು ತಪ್ಪುತ್ತದೆ. ಶಾಲೆಯಲ್ಲಿ ಟಿಡಿ ಹಾಕುವ ಕಾರ್ಯಕ್ರಮವಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ, ಅಂದು ಸಂಜೆ ‘ಹಾಕಿದರಾ?’ ಎಂದು ಮರೆಯದೆ ಕೇಳಿ.

ನಾಲ್ಕನೆಯ ಹೆಜ್ಜೆ: ಹಾಕಿಸುವ ದಿನ

ತಿಂಡಿ ತಿಂದು, ನೀರು ಕುಡಿದು ಹೋಗಲಿ. ಉಪವಾಸವಿರುವ ಅಗತ್ಯವಿಲ್ಲ, ಪಥ್ಯವೂ ಇಲ್ಲ. ನೆಗಡಿ, ಸಣ್ಣ ಕೆಮ್ಮು, ಮುಟ್ಟಿನ ದಿನ, ಯಾವುದೂ ಅಡ್ಡಿಯಲ್ಲ. ಜೋರು ಜ್ವರವಿದ್ದರೆ ಮಾತ್ರ ಇಳಿಯುವವರೆಗೆ ಮುಂದೂಡಬಹುದು. ಹಿಂದಿನ ಡೋಸ್ ಹಾಕಿಸಿದಾಗ ಉಸಿರುಗಟ್ಟಿ, ಮುಖ ಊದಿ ತೀವ್ರ ಅಲರ್ಜಿಯಾಗಿದ್ದರೆ ಅಥವಾ ಹಾಕಿಸಿದ ಆರು ವಾರಗಳೊಳಗೆ ಕೈಕಾಲು ಶಕ್ತಿ ಕಳೆದುಕೊಂಡ ನರದ ತೊಂದರೆ ಕಾಣಿಸಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಸಿಸ್ಟರ್ ತಣ್ಣನೆಯ ಪೆಟ್ಟಿಗೆಯಿಂದ ತೆಗೆಯುವ ಪುಟ್ಟ ಸೀಸೆಯನ್ನು ಮಕ್ಕಳಿಗೆ ತೋರಿಸಿ. ಅದರ ಲೇಬಲ್ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕವಿರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿ ತಾಗಿ ಕೆಟ್ಟಿಲ್ಲ ಎಂದರ್ಥ; ಚೌಕ ವೃತ್ತದಷ್ಟೇ ಕಪ್ಪಾಗಿದ್ದರೆ ಬಳಸುವಂತಿಲ್ಲ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕೆಡುತ್ತದೆ. ಒಮ್ಮೆ ಮಾತ್ರ ಬಳಸಲಾಗುವ ಸಿರಿಂಜಿನಲ್ಲಿ 0.5 ಮಿಲಿಲೀಟರ್ ಔಷಧವನ್ನು ತೋಳಿನ ಮೇಲ್ಭಾಗದ ಸ್ನಾಯುವಿಗೆ ಕೊಡುತ್ತಾರೆ. ಅದರಲ್ಲಿರುವುದು ಜೀವಂತ ರೋಗಾಣುವಲ್ಲ, ನಿರಪಾಯಗೊಳಿಸಿದ ವಿಷಾಂಶ ಮಾತ್ರ; ಅದರಿಂದ ಧನುರ್ವಾಯು ಬರಲು ಸಾಧ್ಯವಿಲ್ಲ.

ಹದಿಹರೆಯದವರು ಸೂಜಿಯ ಭಯಕ್ಕೆ ತಲೆಸುತ್ತಿ ಬೀಳುವುದುಂಟು. ಕುಳಿತೇ ಹಾಕಿಸಿಕೊಳ್ಳಲಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಲಿ. ಒಂದೆರಡು ದಿನ ತೋಳು ನೋಯಬಹುದು, ಚುಚ್ಚಿದ ಜಾಗ ಊದಬಹುದು, ಮೈ ಸ್ವಲ್ಪ ಬಿಸಿಯಾಗಬಹುದು. ತಣ್ಣೀರ ಬಟ್ಟೆ ಇಟ್ಟರೆ ಹಿತವೆನಿಸುತ್ತದೆ, ತಿಕ್ಕುವುದು ಬೇಡ. ಪರೀಕ್ಷೆಯ ಹಿಂದಿನ ದಿನ ಬರೆಯುವ ಕೈಗೆ ಹಾಕಿಸದಿರುವಷ್ಟು ಎಚ್ಚರ ಸಾಕು.

ಗಾಯವಾದಾಗ ಏನು ಮಾಡಬೇಕು

ಲಸಿಕೆ ಯಾವ ಸ್ಥಿತಿಯಲ್ಲಿದ್ದರೂ ಮೊದಲ ಕೆಲಸ ತೊಳೆಯುವುದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕೆಲವು ನಿಮಿಷ ಚೆನ್ನಾಗಿ ತೊಳೆಯಿರಿ. ಮುಳ್ಳು, ಮಣ್ಣು, ಸಿಬಿರು ಒಳಗೆ ಉಳಿದಿದ್ದರೆ ವೈದ್ಯರಿಂದ ತೆಗೆಸಿ. ರಕ್ತ ನಿಲ್ಲಲೆಂದು ಕಾಫಿಪುಡಿ, ಸುಣ್ಣ, ಮಣ್ಣು ಮೆತ್ತುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಗಾಯವನ್ನು ಮುಚ್ಚಿ ಗಾಳಿಯಾಡದಂತೆ ಮಾಡುವುದು ಆ ಬ್ಯಾಕ್ಟೀರಿಯಾಕ್ಕೆ ಅನುಕೂಲ ಮಾಡಿಕೊಟ್ಟಂತೆ. ಸ್ವಚ್ಛವಾದ ಬಟ್ಟೆಯಿಂದ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಇನ್ನು ಚುಚ್ಚುಮದ್ದಿನ ಪ್ರಶ್ನೆ. ಆರು ತಿಂಗಳಿಗೊಮ್ಮೆ ಬೇಕೆಂಬ ಮಾತಿಗೆ ಆಧಾರವಿಲ್ಲ. ಮೂರು ಅಥವಾ ಹೆಚ್ಚು ಡೋಸ್ ಆಗಿರುವ ಮಗುವಿಗೆ, ಅಡುಗೆಮನೆಯ ಚಾಕು ತಾಗಿದಂಥ ಶುಭ್ರವಾದ ಸಣ್ಣ ಗಾಯವಾದರೆ, ಕೊನೆಯ ಡೋಸ್ ಆಗಿ ಹತ್ತು ವರ್ಷ ಕಳೆದಿದ್ದರೆ ಮಾತ್ರ ಬೂಸ್ಟರ್ ಬೇಕು. ಮಣ್ಣು ಸಗಣಿ ತಾಗಿದ, ಆಳಕ್ಕೆ ಚುಚ್ಚಿದ, ಜಜ್ಜಿದ, ಸುಟ್ಟ, ಪ್ರಾಣಿ ಕಚ್ಚಿದ ಗಾಯವಾದರೆ ಐದು ವರ್ಷ ಕಳೆದಿದ್ದರೆ ಬೇಕು. ನಮ್ಮ ಹುಡುಗನ ಲೆಕ್ಕ ಹೀಗಿತ್ತು: ಕೊನೆಯ ಡೋಸ್ ಐದನೆಯ ವರ್ಷದಲ್ಲಿ, ಗಾಯ ಹದಿನಾಲ್ಕರಲ್ಲಿ, ನಡುವೆ ಒಂಬತ್ತು ವರ್ಷ; ಗಾಯ ತಿಪ್ಪೆಯದು. ಆದ್ದರಿಂದ ಮರುದಿನ ಬೆಳಿಗ್ಗೆಯೇ ಟಿಡಿ ಹಾಕಿಸಬೇಕಾಯಿತು. ಹತ್ತನೆಯ ವರ್ಷದ ಡೋಸ್ ಆಗಿದ್ದರೆ ನಾಲ್ಕೇ ವರ್ಷವಾಗಿರುತ್ತಿತ್ತು, ತೊಳೆದು ಪಟ್ಟಿ ಕಟ್ಟಿದ್ದರೆ ಮುಗಿಯುತ್ತಿತ್ತು.

ಒಂದೂ ಡೋಸ್ ಆಗದವರ, ಮೂರಕ್ಕಿಂತ ಕಡಿಮೆ ಆದವರ ಅಥವಾ ಏನೂ ಗೊತ್ತಿಲ್ಲದವರ ವಿಷಯ ಬೇರೆ. ಲಸಿಕೆ ಎಂದರೆ ಸಿದ್ಧ ಔಷಧವಲ್ಲ, ರಕ್ಷಣೆಯನ್ನು ತಯಾರಿಸಲು ಶರೀರಕ್ಕೆ ಕೊಡುವ ಪಾಠ. ಮೊದಲೇ ಪಾಠ ಕಲಿತ ಶರೀರ ಒಂದು ಬೂಸ್ಟರ್ ಸಿಕ್ಕೊಡನೆ ಕೆಲವೇ ದಿನಗಳಲ್ಲಿ ಸಜ್ಜಾಗುತ್ತದೆ. ಮೊದಲ ಬಾರಿಗೆ ಕಲಿಯುವ ಶರೀರಕ್ಕೆ ವಾರಗಳೇ ಬೇಕು. ಕಾಯಿಲೆ ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನಗಳೊಳಗೆ ಕಾಣಿಸಿಕೊಳ್ಳುವುದರಿಂದ ಆ ಓಟದಲ್ಲಿ ಹೊಸ ಲಸಿಕೆ ಹಿಂದುಳಿಯುತ್ತದೆ. ಅದಕ್ಕಾಗಿ ಕೊಳೆಯಾದ ಗಾಯವಿದ್ದರೆ ಅವರಿಗೆ ಲಸಿಕೆಯ ಜೊತೆಗೆ, ಬೇರೆ ಜಾಗಕ್ಕೆ, ಸಿದ್ಧ ಪ್ರತಿಕಾಯಗಳಿರುವ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದು ಬೇಕಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಟಿ.ಟಿ. ಕೊಂಡು ಹಾಕಿಸಿಕೊಂಡು ಮನೆಗೆ ಬಂದರೆ ಸಾಲದು. ವೈದ್ಯರ ಮುಂದೆ ‘ಮಗುವಿಗೆ ಹಿಂದೆ ಲಸಿಕೆ ಆಗಿಲ್ಲ’ ಎಂದು ಬಾಯಿ ಬಿಟ್ಟು ಹೇಳಬೇಕು. ಸಂಕೋಚದಿಂದ ಈ ಒಂದು ಮಾತನ್ನು ಮುಚ್ಚಿಟ್ಟರೆ ಮುಖ್ಯವಾದ ಚಿಕಿತ್ಸೆಯೇ ತಪ್ಪಿಹೋಗಬಹುದು.

ಬೇಡದಿದ್ದಾಗ ಪದೇ ಪದೇ ಹಾಕಿಸಿದರೆ ದೊಡ್ಡ ಅನಾಹುತವೇನೂ ಆಗುವುದಿಲ್ಲ, ಆದರೆ ತೋಳು ಭುಜದಿಂದ ಮೊಣಕೈವರೆಗೆ ಕೆಂಪಾಗಿ ಊದಿಕೊಂಡು ನರಳಬೇಕಾಗಬಹುದು. ಕಾರ್ಡಿನಲ್ಲಿ ದಿನಾಂಕವಿದ್ದರೆ ಅದೂ ತಪ್ಪುತ್ತದೆ.

ಗಾಯವಾದ ಮೂರು ವಾರಗಳೊಳಗೆ, ಗಾಯ ಮಾಯ್ದಿದ್ದರೂ ಸರಿ, ಬಾಯಿ ತೆರೆಯಲು ಕಷ್ಟವಾದರೆ, ಕುತ್ತಿಗೆ ಬಿಗಿದರೆ, ನುಂಗಲು ಆಗದಿದ್ದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಐದನೆಯ ಹೆಜ್ಜೆ: ಬರೆದಿಡಿ

ಲಸಿಕೆ ಹಾಕಿದ ಕೂಡಲೆ ಹೆಸರು, ದಿನಾಂಕ, ಸಹಿ ಕಾರ್ಡಿನಲ್ಲಿ ಬರುವಂತೆ ನೋಡಿಕೊಳ್ಳಿ. ಕಾರ್ಡಿಲ್ಲದಿದ್ದರೆ ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಸರ್ಕಾರದ ಯು-ವಿನ್ ತಾಣದಲ್ಲಿ ನೋಂದಾಯಿಸಲು ಸಿಸ್ಟರನ್ನು ಕೇಳಬಹುದು. ಗಾಯವಾದಾಗ ಹಾಕಿಸಿದ ಟಿಡಿಯೂ ಲೆಕ್ಕಕ್ಕೆ ಬರುವ ಡೋಸ್, ಅದನ್ನೂ ಬರೆಸಬೇಕು. ಕೆಲಸದ ನಿಮಿತ್ತ ಹೊರದೇಶಕ್ಕೆ ಹೋಗುವ ಕುಟುಂಬಗಳಿಗೆ ಈ ದಾಖಲೆ ಇನ್ನೂ ಮುಖ್ಯ. ಅಮೆರಿಕದಲ್ಲಿ 11–12ರ ವಯಸ್ಸಿಗೆ ಟಿಡ್ಯಾಪ್ ಕೊಡುತ್ತಾರೆ, ಅಲ್ಲಿನ ಬಹಳಷ್ಟು ಶಾಲೆಗಳು ಸೇರಿಸಿಕೊಳ್ಳುವಾಗ ಅದರ ಪುರಾವೆ ಕೇಳುತ್ತವೆ. ಬ್ರಿಟನ್ನಿನಲ್ಲಿ ಹದಿಹರೆಯದ ಬೂಸ್ಟರ್ ಸುಮಾರು 14ನೆಯ ವರ್ಷಕ್ಕೆ.

ಹೆಣ್ಣುಮಕ್ಕಳ ಕಾರ್ಡನ್ನು ಅವರ ಕೈಗೇ ಕೊಟ್ಟು, ಮುಂದೆ ಗರ್ಭಿಣಿಯಾದಾಗ ಮತ್ತೆ ಟಿಡಿ ಹಾಕಿಸಿಕೊಳ್ಳಬೇಕೆಂದು ಹೇಳಿಡಿ; ತಾಯಿಯ ರಕ್ಷಣೆ ಹೊಟ್ಟೆಯೊಳಗಿನ ಕೂಸಿಗೂ ದಾಟುತ್ತದೆ. ಭಾರತವು ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆಯ ಮಟ್ಟಕ್ಕೆ ಇಳಿಸಿದೆ ಎಂದು 2015ರಲ್ಲಿ ದೃಢಪಟ್ಟದ್ದರ ಹಿಂದೆ ಗರ್ಭಿಣಿಯರಿಗೆ ಹಾಕಿದ ಈ ಲಸಿಕೆಯೂ ಸ್ವಚ್ಛ ಹೆರಿಗೆಯೂ ಇವೆ.

ನಮ್ಮ ಹುಡುಗನಿಗೆ ಹದಿನಾರು ತುಂಬಿದ ವಾರ ಎರಡನೆಯ ಖಾಲಿ ಚೌಕವೂ ತುಂಬಿತು. ಕಾರ್ಡಿನ ಫೋಟೊ ಈಗ ಅಕ್ಕನ ಮೊಬೈಲಿನಲ್ಲೂ ಅವನ ಮೊಬೈಲಿನಲ್ಲೂ ಇದೆ. ಮೂಲ ಕಾರ್ಡನ್ನು ಟ್ರಂಕಿನಿಂದ ತೆಗೆದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೈಲಿನಲ್ಲಿ ಇಟ್ಟಿದ್ದಾರೆ.